ಆ ವಾರಂಟ್ ಹಂಚಲು ಹೋಗಬೇಡ

ಮಂಡ್ಯ

ಚಿರಂಜೀವಿ ಅಭಿಗೆ ದೊಡ್ಡಪ್ಪನ ಆಶೀರ್ವಾದ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಕಾಗದ ನೋಡಿದೆ. ಮೇಲೆ ಸಿಂಹದ ಲಾಂಛನ, ಕೆಳಗೆ ದುಂಡು ಮೊಹರು, ನಡುವೆ ಕೆಂಪಕ್ಷರದಲ್ಲಿ ‘ನ್ಯಾಯಾಲಯದ ಜಪ್ತಿ ವಾರಂಟ್’. ಸಂಘದ ಸಾಲದ ಕಂತು ಕಟ್ಟದವರ ಮನೆಗೆ ಇದನ್ನು ಕೊಟ್ಟು ಬಾ ಅಂತ ನಿಮ್ಮ ಸಾಲದ ಕಂಪನಿ ಮ್ಯಾನೇಜರ್ ಹೇಳಿದ್ದಾನೆ, ಅಲ್ವಾ? ಕೊಡಬೇಡ ಕಣಪ್ಪ.

ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನಿಗೆ ಇದು ನೋಡಿದ ತಕ್ಷಣ ತಿಳಿಯುತ್ತೆ. ಕೇಸ್ ನಂಬರ್ ಇಲ್ಲ, ಯಾವ ಕೋರ್ಟ್ ಅಂತಲೂ ಇಲ್ಲ. ಮೊಬೈಲ್ ನಂಬರ್ ಮಾತ್ರ ದಪ್ಪಗಿದೆ! ಯಾವ ಜಡ್ಜು ಮೊಬೈಲ್ ನಂಬರ್ ಕೊಟ್ಟು ಸಂಜೆಯೊಳಗೆ ದುಡ್ಡು ಕಟ್ಟಿ ಅಂತಾರೆ?

ಸಾಲಕ್ಕೆ ಜಪ್ತಿ ಅಷ್ಟು ಸುಲಭಕ್ಕೆ ಬರಲ್ಲ. ಮೊದಲು ದಾವಾ ಹೂಡಬೇಕು, ಸಮನ್ಸ್ ಹೋಗಬೇಕು, ಡಿಕ್ರಿ, ಅಂದರೆ ಕೋರ್ಟಿನ ತೀರ್ಪು ಆಗಬೇಕು, ಆಮೇಲೆ ಅದನ್ನು ಜಾರಿ ಮಾಡಿಸೋಕೆ ಅಮಲ್ಜಾರಿ ಅರ್ಜಿ. ಅದರ ಮೇಲೆ ಕೋರ್ಟು ಹೇಳಿದರೆ ಕೋರ್ಟಿನ ನೌಕರ ಅಮೀನ ಹೋಗುತ್ತಾನೆ, ನೀನಲ್ಲ. ಆಗಲೂ ಎಲ್ಲವನ್ನೂ ಎತ್ತಿಕೊಂಡು ಬರೋಕಾಗಲ್ಲ. ಅಡುಗೆ ಪಾತ್ರೆ, ಹಾಸಿಗೆ, ಹೆಂಗಸಿನ ತಾಳಿ ಮುಟ್ಟುವ ಹಾಗಿಲ್ಲ. ರೈತನ ಬದುಕಿಗೆ ಬೇಕಾದ ಎತ್ತು, ನೇಗಿಲು, ಬಿತ್ತನೆ ಬೀಜವೂ ಅಷ್ಟೆ. ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಸೆಕ್ಷನ್ ಓದು. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ ಅಂತ 56ನೇ ಸೆಕ್ಷನ್ ಹೇಳುತ್ತೆ. ಸಂಘದ ಸಾಲ ತಗೊಂಡವರಲ್ಲಿ ಹೆಂಗಸರೇ ಜಾಸ್ತಿ. ನಿನ್ನ ಕಾಗದದಲ್ಲಿ ‘ತಕ್ಷಣ ಬಂಧನ’ ಅಂತ ಬೇರೆ ಬರೆದಿದೆ.

ಇನ್ನು ನಿನ್ನ ಪಾಡು ಕೇಳು. ಕೋರ್ಟಿನ ದಾಖಲೆ ಅಂತ ತೋರುವ ಸುಳ್ಳು ಕಾಗದ ಸೃಷ್ಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 337ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು. ಸುಳ್ಳು ಅಂತ ಗೊತ್ತಿದ್ದೂ ಅಸಲಿ ಅಂತ ಬಳಸಿದವನಿಗೂ ಅದೇ ಶಿಕ್ಷೆ, 340ನೇ ಸೆಕ್ಷನ್. ಈಗ ನಿನಗೆ ಗೊತ್ತಾಯಿತಲ್ಲ, ‘ನಂಗೇನು ಗೊತ್ತು ಸಾರ್’ ಅನ್ನೋಕೂ ಬರಲ್ಲ. ಕೋರ್ಟಿನವನು ಅಂತ ಹೇಳಿಕೊಂಡು ಹೋದರೆ 204ನೇ ಸೆಕ್ಷನ್ ಬೇರೆ. ಅದರಲ್ಲಿ ಕನಿಷ್ಠ 6 ತಿಂಗಳು, 3 ವರ್ಷದವರೆಗೂ ಆಗಬಹುದು. ಲಾಂಛನ ದುರ್ಬಳಕೆಗೆ 2005ರ ಕಾಯ್ದೆಯೇ ಇದೆ. ಮನೆಬಾಗಿಲಲ್ಲಿ ನಿಂತ ಮುಖ ನಿನ್ನದು, ಸಿಸಿ ಟಿವಿಯಲ್ಲಿ ಕಾಣೋದೂ ನೀನೇ. ಮ್ಯಾನೇಜರ್ ‘ನಾನು ಹೇಳೇ ಇಲ್ಲ’ ಅಂದುಬಿಡುತ್ತಾನೆ.

ಸಾಲ ವಸೂಲಿ ಮಾಡಬೇಡ ಅಂತ ನಾನು ಹೇಳ್ತಿಲ್ಲ. ತಗೊಂಡವರು ತೀರಿಸಬೇಕು. ಹೋಗು, ಹೆಸರು ಹೇಳು, ಗುರುತಿನ ಚೀಟಿ ತೋರಿಸು, ಬಾಕಿ ಎಷ್ಟು ಅಂತ ಲೆಕ್ಕ ಕೊಡು. ಇಂಥ ಸಂಘದ ಸಾಲಕ್ಕೆ ರಿಸರ್ವ್ ಬ್ಯಾಂಕ್ ಹೇಳಿರೋ ಹಾಗೆ ಬೆಳಗ್ಗೆ 9ರ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಬೇಡ. ಕೊಡದಿದ್ದರೆ ಕಂಪನಿ ವಕೀಲರಿಂದ ನೋಟಿಸ್ ಕೊಡಿಸಲಿ, ಇಲ್ಲ ಲೋಕ ಅದಾಲತ್‌ಗೆ ಹೋಗಲಿ.

ಮ್ಯಾನೇಜರ್ ಕಳಿಸಿದ ಮೆಸೇಜ್ ಅಳಿಸಬೇಡ. ‘ಇದನ್ನು ನಾನು ಹಂಚಲ್ಲ’ ಅಂತ ಅದರ ಕೆಳಗೇ ಬರೆದು ಕಳಿಸು. ಕೆಲಸ ಹೋದರೆ ಮೈಸೂರಿನ ರೂಮು ಖಾಲಿ ಮಾಡಿ ಊರಿಗೆ ಬಾ. ನಿಮ್ಮಪ್ಪನ ಹತ್ತಿರ ನಾನು ಮಾತಾಡ್ತೀನಿ.

ನಿನ್ನ ದೊಡ್ಡಪ್ಪ