ರಾತ್ರಿ ಒಂದೂವರೆಗೆ ಕಳ್ಸಿದ ವಿಡಿಯೋಗೆ ಉತ್ತರ

ಲೋ ಗೆಳೆಯಾ,

ರಾತ್ರಿ ಒಂದೂವರೆಗೆ ವಿಡಿಯೋ ಕಳ್ಸಿ "ಈಗಾದ್ರೂ ದೆವ್ವ ಇದೆ ಅಂತ ನಂಬ್ತೀಯೇನೋ" ಅಂತ ಕೇಳಿದ್ದೀಯಲ್ಲ, ಅದಕ್ಕೆ ಮೆಸೇಜಲ್ಲಿ ಒಂದ್ ಸಾಲಲ್ಲಿ ಉತ್ತರ ಕೊಡೋಕಾಗಲ್ಲ ಕಣೋ, ಅದಕ್ಕೇ ಪತ್ರ. ಎಲ್ರೂ ಓದೋ ಹಾಗೆ ಹಾಕ್ತಿದೀನಿ, ಬೈಕೋಬೇಡ, ನಿನ್ನ ಹೆಸ್ರು ಹಾಕಿಲ್ಲ. ಅದ್ರ ಕೆಳಗೇ ಪುಸ್ತಕ ವಾಪಸ್ ಕೊಡು ಅಂತ ಇನ್ನೊಂದು ಮೆಸೇಜ್ ಇತ್ತು, ಅದಕ್ಕೆ ಕೊನೆಗೆ ಬರ್ತೀನಿ.

ಆ ವಿಡಿಯೋ ಮ್ಯಾಂಚೆಸ್ಟರ್ ಮ್ಯೂಸಿಯಂದು, 2013ರದ್ದು. ವಿಗ್ರಹ ನೆಬ್-ಸೆನು ಅನ್ನೋ ಈಜಿಪ್ಟಿನವನದ್ದು, ಒಂದು ಗೇಣಿಗಿಂತ ಚೂರು ಜಾಸ್ತಿ ಎತ್ತರ, ಹತ್ತಿರಹತ್ತಿರ ಕ್ರಿ.ಪೂ. 1800ರ ಕಾಲದ್ದು. ಬೀಗ ಹಾಕಿರೋ ಗಾಜಿನ ಕಪಾಟಿನೊಳಗೆ ತನ್ನಷ್ಟಕ್ಕೆ ತಾನೇ ನಿಧಾನಕ್ಕೆ ತಿರುಗಿ ಜನಕ್ಕೆ ಬೆನ್ನು ತೋರಿಸ್ಕೊಂಡು ನಿಂತಿರ್ತಿತ್ತು. ಆ ಬೆನ್ನ ಮೇಲೆ ಏನ್ ಬರ್ದಿದೆ ಗೊತ್ತಾ? ಸತ್ತವನಿಗೆ ರೊಟ್ಟಿ, ಬಿಯರು, ಎತ್ತು, ಹಕ್ಕಿ ಎಲ್ಲ ನೈವೇದ್ಯವಾಗಿ ಸಿಗ್ಲಿ ಅನ್ನೋ ಪ್ರಾರ್ಥನೆ. ಪಾಪ, ಸಾವಿರಾರು ವರ್ಷದಿಂದ ಹಸ್ಕೊಂಡಿರೋನು ಬಂದೋರಿಗೆಲ್ಲ ಮೆನು ತೋರಿಸ್ತಿದ್ದ ಅಂತ ಅನ್ಕೊಂಡ್ರೆ ನಿನ್ನ ದೆವ್ವದ ಕಥೆ ಚೆನ್ನಾಗೇ ಇದೆ, ನಾನೇನ್ ಬೇಡ ಅನ್ನಲ್ಲ.

ಆದ್ರೆ ನೀನು ವಿಡಿಯೋ ಸರಿಯಾಗಿ ನೋಡಿಲ್ಲ ಮಾರಾಯ. ಅದು ತಿರುಗ್ತಿದ್ದಿದ್ದು ಹಗಲೊತ್ತಲ್ಲಿ, ರಾತ್ರಿಯೆಲ್ಲ ಅಲ್ಲಾಡದೆ ನಿಂತಿರ್ತಿತ್ತು. ಆಫೀಸ್ ಟೈಮಲ್ಲಿ ಮಾತ್ರ ಕೆಲ್ಸ ಮಾಡೋ ದೆವ್ವ ಎಲ್ಲಾದ್ರೂ ಕೇಳಿದ್ದೀಯಾ? ಆಮೇಲೆ ವೈಬ್ರೇಷನ್ ಬಗ್ಗೆ ತಿಳಿದ ಎಂಜಿನಿಯರ್ ಒಬ್ರು ಬಂದು ಮೀಟರ್ ಇಟ್ಟು ಅಳೆದ್ರು, ಹೊರಗೆ ರಸ್ತೆಲಿ ಬಸ್ಸು, ಒಳಗೆ ಜನರ ಓಡಾಟ, ಎರಡೂ ಸೇರಿ ಆ ಗಾಜಿನ ಹಲಗೆ ಸಣ್ಣಕ್ಕೆ ನಡುಗ್ತಿತ್ತು, ಅಕ್ಕಪಕ್ಕದ ವಿಗ್ರಹಗಳ ತಳ ಸಪಾಟಾಗಿದೆ, ಇವನದ್ದು ಮಾತ್ರ ಸ್ವಲ್ಪ ಉಬ್ಬಿದೆ, ಅಷ್ಟೆ. ಮಿಕ್ಸಿ ಓಡ್ವಾಗ ಪಕ್ಕದಲ್ಲಿರೋ ತಳ ಉಬ್ಬಿದ ಲೋಟ ಹಾಗೇ ಸುತ್ಕೊಂಡು ಹೋಗಲ್ವಾ, ಅದೇ ಕಥೆ.

ನನಗೆ ಮೈ ಜುಂ ಅನ್ನೋದು ತಿರುಗೋ ವಿಗ್ರಹಕ್ಕಲ್ಲ ಕಣೋ, ಕಾಣೆಯಾದ ಸಾಮಾನಿಗೆ. ಕಾಣೆಯಾಗಿದೆ ಅನ್ನೋದೇ ಯಾರಿಗೂ ಗೊತ್ತಾಗಿರಲ್ವಲ್ಲ, ಅದಕ್ಕೆ. 1911ರ ಆಗಸ್ಟ್ 21, ಸೋಮವಾರ, ಪ್ಯಾರಿಸ್ಸಿನ ಮ್ಯೂಸಿಯಂ ಲೂವ್ರ್‌ಗೆ ರಜೆ. ಅಲ್ಲಿ ಮೊದ್ಲು ಕೆಲ್ಸ ಮಾಡಿದ್ದ ಪೆರುಜಿಯಾ ಅನ್ನೋನು ಮೋನಾಲಿಸಾನ ಗೋಡೆಯಿಂದ ಇಳಿಸ್ಕೊಂಡು ಹೋಗ್ಬಿಟ್ಟ. ಮಂಗಳವಾರ ಒಬ್ಬ ಪೇಂಟರ್ ಬಂದು ಚಿತ್ರ ಎಲ್ರಪ್ಪಾ ಅಂತ ಕೇಳೋವರೆಗೂ ಗದ್ದಲವೇ ಇಲ್ಲ, ಕಾವಲಿನೋರಂತೂ ಫೋಟೋ ತೆಗೆಯೋಕೆ ತಗೊಂಡೋಗಿರ್ಬೇಕು ಅಂದ್ಕೊಂಡಿದ್ರು. ಆಮೇಲೆ ಮ್ಯೂಸಿಯಂ ತೆರೆದಾಗ ಆ ಖಾಲಿ ಜಾಗ ನೋಡೋಕೇ ಜನ ಕ್ಯೂ ನಿಂತ್ರು! ಇದ್ದಾಗ ನೋಡ್ಲಿಲ್ಲ, ಹೋದ್ಮೇಲೆ ಮೊಳೆ ನೋಡೋಕೆ ಬಂದ್ರು. ಚಿತ್ರ ಸಿಕ್ಕಿದ್ದು ಎರಡು ವರ್ಷ ಬಿಟ್ಟು, ಇಟಲಿಯ ಫ್ಲಾರೆನ್ಸಲ್ಲಿ.

"ತಗೊಂಡೋಗಿರ್ಬೇಕು" ಅನ್ನೋ ಈ ಮಾತಿದೆಯಲ್ಲ, ಹಳೇ ಕಟ್ಟಡದಲ್ಲಿ ಓಡಾಡೋ ದೆವ್ವ ಅದೇ. ಯಾರೋ ತಗೊಂಡಿರ್ಬೇಕು, ಎಲ್ಲೋ ಇಟ್ಟಿರ್ಬೇಕು. ಕೇಂಬ್ರಿಡ್ಜ್ ಯೂನಿವರ್ಸಿಟಿ ಲೈಬ್ರರಿಲಿ (ಮ್ಯೂಸಿಯಂ ಅಲ್ಲ, ಗೊತ್ತು, ತಕರಾರು ತೆಗೀಬೇಡ) ಡಾರ್ವಿನ್ನನ ಎರಡು ಪುಟ್ಟ ನೋಟ್‌ಬುಕ್ ಇದ್ವು, ಒಂದ್ರಲ್ಲಿ 1837ರಲ್ಲಿ ಅವನು ಗೀಚಿದ ಜೀವವೃಕ್ಷದ ಚಿತ್ರ ಇದೆ. 2000ದಲ್ಲಿ ಫೋಟೋ ತೆಗೆಯೋಕೆ ಅಂತ ಹೊರಗೆ ತೆಗೆದ್ರು, 2001ರ ಜನವರಿಲಿ ನೋಡಿದ್ರೆ ಜಾಗದಲ್ಲಿಲ್ಲ. ತಪ್ಪು ಕಪಾಟಿಗೆ ಹೋಗಿರ್ಬೇಕು ಅಂತ ವರ್ಷಗಟ್ಲೆ ಹುಡುಕಿದ್ರು, ಅಲ್ಲಿ ಕಪಾಟು ಸಾಲಾಗಿ ಜೋಡ್ಸಿದ್ರೆ 200 ಕಿಲೋಮೀಟರ್ ಆಗುತ್ತೆ, ಯಾವ ಕಪಾಟು ಅಂತ ಹುಡುಕ್ತೀಯ? ಕಳವಾಗಿದೆ ಅಂತ ಬಾಯ್ಬಿಟ್ಟು ಹೇಳಿದ್ದು 2020ರಲ್ಲಿ. 2022ರ ಮಾರ್ಚಲ್ಲಿ ಒಂದಿನ ಲೈಬ್ರರಿಯನ್ ಆಫೀಸಿನ ಹೊರಗೆ, ಕ್ಯಾಮೆರಾ ಇಲ್ಲದ ಜಾಗದಲ್ಲಿ, ನೆಲದ ಮೇಲೆ ಒಂದು ಗುಲಾಬಿ ಬಣ್ಣದ ಗಿಫ್ಟ್ ಬ್ಯಾಗು. ಒಳಗೆ ಅದೇ ಎರಡು ನೋಟ್‌ಬುಕ್ಕು, ಪ್ಲಾಸ್ಟಿಕ್ ಹಾಳೆಲಿ ಸುತ್ತಿಟ್ಟು, ಹಾಳಾಗದ ಹಾಗೆ. ಜೊತೆಗೊಂದು ಕವರ್ ಮೇಲೆ ಈಸ್ಟರ್ ಹಬ್ಬದ ಶುಭಾಶಯ. ಹೆಸ್ರಿಲ್ಲ.

ಇದ್ರ ಉಲ್ಟಾನೂ ಆಗಿದೆ. 2005ರಲ್ಲಿ ಬ್ಯಾಂಕ್ಸಿ ಅನ್ನೋ ಬೀದಿ ಕಲಾವಿದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಒಳಗೆ ಹೋಗಿ ಒಂದು ಕಲ್ಲಿನ ತುಂಡು ಅಂಟಿಸಿ ಬಂದ, ಗುಹಾಚಿತ್ರದ ಥರ ಆದಿಮಾನವ ಸೂಪರ್‌ಮಾರ್ಕೆಟ್ ಟ್ರಾಲಿ ತಳ್ಕೊಂಡು ಹೋಗ್ತಿರೋದು! ಪಕ್ಕದಲ್ಲಿ ನೀಟಾಗಿ ಲೇಬಲ್ಲು. ದಿನಗಟ್ಲೆ ಯಾರಿಗೂ ಅನುಮಾನ ಬರ್ಲಿಲ್ಲ, ಲೇಬಲ್ ಇದೆ ಅಂದ್ಮೇಲೆ ಅಸಲಿನೇ ಅಲ್ವಾ. ಲೇಬಲ್ ಇಲ್ಲದಿದ್ರೆ ಇನ್ನೊಂದು ಪಜೀತಿ. ಅದೇ ಮ್ಯೂಸಿಯಮ್ಮಲ್ಲಿ ಸುಮಾರು 2000 ಸಣ್ಣಪುಟ್ಟ ವಸ್ತುಗಳು ಕಾಣೆಯಾಗಿವೆ, ಇಲ್ಲ ಹಾಳಾಗಿವೆ ಅಂತ 2023ರಲ್ಲಿ ಹೊರಗೆ ಬಂತು, ಅದ್ರಲ್ಲಿ ಎಷ್ಟೋ ಸಾಮಾನು ಮ್ಯೂಸಿಯಂ ದಾಖಲೆಲಿ ಸರಿಯಾಗಿ ನಮೂದೇ ಆಗಿರ್ಲಿಲ್ಲ. ಬರ್ದಿಡದ ಸಾಮಾನು ಕಳೆದೋಯ್ತು ಅಂತ ಕಂಪ್ಲೇಂಟ್ ಹೇಗೆ ಕೊಡ್ತೀಯ ಹೇಳು.

ಆದ್ರೆ ನನ್ನ ಫೇವರಿಟ್ ಇಟಲಿಯ ಪಿಯಾಚೆಂಜಾದ್ದು, ರಿಚಿ ಓದ್ದಿ ಗ್ಯಾಲರಿ. ಅಲ್ಲಿ ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್ ಬರೆದ ಒಬ್ಬ ಹೆಂಗಸಿನ ಚಿತ್ರ ಇತ್ತು. 1996ರಲ್ಲಿ ಒಬ್ಬ ವಿದ್ಯಾರ್ಥಿನಿ, ಈ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲಾ ಅಂತ ತಲೆ ಕೆಡಿಸ್ಕೊಂಡ್ಲು. ಎಕ್ಸ್‌ರೇ ತೆಗೆದ್ರೆ, ಕಳೆದೋಗಿದೆ ಅಂತ ಎಲ್ರೂ ಅಂದ್ಕೊಂಡಿದ್ದ ಕ್ಲಿಮ್ಟನ ಇನ್ನೊಂದು ಚಿತ್ರ ಇದ್ರ ಅಡಿಯಲ್ಲೇ ಇದೆ, ಅದ್ರ ಮೇಲೇ ಬಣ್ಣ ಬಳಿದು ಇದನ್ನ ಮಾಡಿದ್ದ. ಒಂದು ಸಿಕ್ತಲ್ಲಾ ಅಂತ ಖುಷಿಪಟ್ಟು ಸ್ಪೆಷಲ್ ಪ್ರದರ್ಶನಕ್ಕೆ ರೆಡಿ ಮಾಡ್ಕೊತಿರೋವಾಗ, 1997ರ ಫೆಬ್ರವರಿಲಿ, ಚಿತ್ರಾನೇ ಮಾಯ! ಖಾಲಿ ಫ್ರೇಮು ಮಾಳಿಗೆ ಮೇಲೆ ಸಿಕ್ತು. ಇಪ್ಪತ್ತೆರಡು ವರ್ಷ ದಾಟಿ, 2019ರ ಡಿಸೆಂಬರಲ್ಲಿ, ಗ್ಯಾಲರಿ ಗೋಡೆಗೆ ಹಬ್ಬಿದ್ದ ಬಳ್ಳಿ ಕೀಳ್ತಿದ್ದ ತೋಟದ ಕೆಲಸದೋರಿಗೆ ಒಂದು ಪುಟ್ಟ ಕಬ್ಬಿಣದ ಬಾಗ್ಲು ಕಂಡಿದೆ, ತೆಗೆದ್ರೆ ಗೂಡಿನೊಳಗೆ ಒಂದು ಕಪ್ಪು ಕಸದ ಚೀಲ. ಮೊದ್ಲು ಕಸಾನೇ ಅಂದ್ಕೊಂಡ್ರಂತೆ, ನೋಡಿದ್ರೆ ಒಳಗೆ ಅದೇ ಚಿತ್ರ. ಅಷ್ಟೂ ವರ್ಷ ಅದೇ ಗೋಡೆಲಿತ್ತಾ, ಇಲ್ಲ ಆಮೇಲೆ ತಂದಿಟ್ರಾ ಅಂತ ಜನ ಇನ್ನೂ ಜಗಳ ಆಡ್ತಾರೆ.

ಈಗ ನಿನ್ನ ಪುಸ್ತಕದ ವಿಷಯ. ಅದು ನನ್ನ ಕಪಾಟಲ್ಲಿಲ್ಲ, ಮಂಚದ ಕೆಳಗೂ ನೋಡ್ದೆ. ಯಾರೋ ತಗೊಂಡಿರ್ಬೇಕು, ಎಲ್ಲೋ ಇಟ್ಟಿರ್ಬೇಕು, ಹುಡುಕ್ತಾ ಇದೀನಿ ಕಣೋ. ಒಂದಿನ ನಿನ್ನ ಬಾಗ್ಲು ಮುಂದೆ ಗುಲಾಬಿ ಬ್ಯಾಗ್ ಕಂಡ್ರೆ ಸುಮ್ನೆ ಒಳಗಿಟ್ಕೋ, ಯಾರು ತಂದಿಟ್ರು ಅಂತ ಕೇಳ್ಬೇಡ.

ಇಂತಿ,
ನಿನ್ನ ಗೆಳೆಯ