ಗಿಟಾರ್ ವಾದಕರಿಗೂ ಪುಟದಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ರಾಕ್ ಸಂಗೀತ ತಂಡ ‘ಬ್ಲ್ಯಾಕ್ ಸಬಾತ್’ನ ಗಾಯಕ ಓಜಿ ಆಸ್ಬರ್ನ್ 2025ರ ಜುಲೈನಲ್ಲಿ ನಿಧನರಾದ ಬಳಿಕ ಬಂದ ಬರಹಗಳಲ್ಲಿ ಅದೇ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಅವರ ಪ್ರಸ್ತಾಪ ಒಂದೆರಡು ಸಾಲಿಗೇ ಮುಗಿದಿರುವುದು ಬೇಸರ ತಂದಿದೆ. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಪ್ರಕಾರಕ್ಕೆ ಅದರ ನಾದ ದಕ್ಕಿದ್ದು ಬಹುಮಟ್ಟಿಗೆ ಇವರ ಗಾಯಗೊಂಡ ಬೆರಳುಗಳಿಂದ.

ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಅಯೋಮಿ, 17ನೇ ವಯಸ್ಸಿನಲ್ಲಿ, ಅದೂ ಕೆಲಸದ ಕಡೆಯ ದಿನ, ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಎಡಚರಾದ ಅವರು ತಂತಿ ಒತ್ತುತ್ತಿದ್ದುದು ಆ ಕೈಯಿಂದಲೇ. ಬೆಂಕಿಯಲ್ಲಿ ಕೈಸುಟ್ಟುಕೊಂಡೂ ಗಿಟಾರ್‌ನಲ್ಲಿ ಜಾಝ್ ನುಡಿಸಿದ ಜಾಂಗೋ ರೈನ್‌ಹಾರ್ಟ್ ಅವರ ಧ್ವನಿಮುದ್ರಿಕೆಯನ್ನು ಕಾರ್ಖಾನೆಯ ಮೇಲ್ವಿಚಾರಕರು ಕೇಳಿಸಿದ ಮೇಲೆ ಮತ್ತೆ ಗಿಟಾರ್ ಹಿಡಿದರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಕವಚ ಮಾಡಿಕೊಂಡರು, ಅದರ ಮೇಲೆ ಚರ್ಮ ಅಂಟಿಸಿದರು. ತೆಳು ತಂತಿ ಬಳಸಿದರು. 1971ರ ಹೊತ್ತಿಗೆ ಶ್ರುತಿಯನ್ನೂ ತಗ್ಗಿಸಿದರು. ತಂತಿಯ ಬಿಗಿ ಸಡಿಲಗೊಂಡು ಬೆರಳಿಗೆ ಹಗುರವಾಯಿತು, ನಾದ ಮಾತ್ರ ಗಡುಸಾಯಿತು. ಮುಂದೆ ಬಂದ ಎಷ್ಟೋ ತಂಡಗಳು ಹಿಡಿದದ್ದು ಇದೇ ದಾರಿ. 2012ರಲ್ಲಿ ಕ್ಯಾನ್ಸರ್ ಪತ್ತೆಯಾದಾಗಲೂ ಅವರು ವಾದ್ಯ ಕೆಳಗಿಡಲಿಲ್ಲ.

ನಮ್ಮ ಸಂಗೀತ ಕಛೇರಿಗಳ ವರದಿಗಳಲ್ಲೂ ಪಕ್ಕವಾದ್ಯದವರ ಹೆಸರು ಕೊನೆಯ ಸಾಲಿಗೆ ಸರಿಯುತ್ತದೆ. ಆದ್ದರಿಂದ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವಾದಕರ ಬದುಕನ್ನೂ ಅವರ ನುಡಿಸಾಣಿಕೆಯ ಕ್ರಮವನ್ನೂ ಪರಿಚಯಿಸುವ ಅಂಕಣವೊಂದನ್ನು ಆರಂಭಿಸಬೇಕು. ಸಂಗೀತ ಬಲ್ಲವರಿಂದಲೇ ಅದನ್ನು ಬರೆಸಿ, ಮೊದಲ ಕಂತನ್ನು ಅಯೋಮಿ ಅವರಿಗೆ ಮೀಸಲಿಡಬೇಕೆಂದು ವಿನಂತಿ.

– ಓದುಗ, ಮೈಸೂರು