ಕಾರು ಕೊಂಡ ತಮ್ಮನ ಮಗನಿಗೆ

ಸೋಮವಾರಪೇಟೆ
ಆಟಿ ತಿಂಗಳು

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ನೀನು ಕಾರು ಕೊಂಡ ಸುದ್ದಿ ನಿನ್ನ ಅಪ್ಪ ಹೇಳಿದ. ಫೋಟೋ ನೋಡಿ ತುಂಬಾ ಖುಷಿಯಾಯಿತು. ಸೆಕೆಂಡ್ ಹ್ಯಾಂಡ್ ಆದರೇನು, ನಿನ್ನ ಸಂಬಳದಲ್ಲಿ ಕೊಂಡದ್ದು. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು: "ಅತ್ತೆ, ಇನ್ಶೂರೆನ್ಸ್ ಎಲ್ಲಕ್ಕಿಂತ ಕಡಿಮೆಗೆ ಎಲ್ಲಿ ಸಿಗುತ್ತೆ?" ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು, ಹಿಂದೆಯೇ ನೆಟ್‌ವರ್ಕೂ ಹೋಯಿತು. ನಾಲ್ಕು ದಿನದಿಂದ ಇದೇ ಕಥೆ. ಹಾಗಾಗಿ ಕೂತು ಬರೆಯುತ್ತಿದ್ದೇನೆ. ಬರೆದದ್ದಾದರೆ ನೀನು ಎರಡು ಸಲ ಓದಬಹುದು.

ಮೊದಲು ಒಂದು ವಿಷಯ ತಿಳಿದುಕೋ. ಥರ್ಡ್ ಪಾರ್ಟಿ ಎನ್ನುತ್ತಾರಲ್ಲ, ನಿನ್ನ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಮಾಡಿಸಲೇಬೇಕಾದ ವಿಮೆ, ಅದಕ್ಕೆ ಎಲ್ಲಿಯೂ ಅಗ್ಗ ತುಟ್ಟಿ ಇಲ್ಲ. ಅದರ ದರ ಗೊತ್ತುಮಾಡುವುದು ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಖಾಸಗಿ ಕಾರು 1000 ಸಿಸಿ ಒಳಗಿದ್ದರೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲಾದರೆ 7,897. ಮೇಲೆ ಶೇಕಡ 18 ಜಿಎಸ್‌ಟಿ. ದರ ಬದಲಾದರೂ ಎಲ್ಲ ಕಂಪನಿಗೂ ಒಟ್ಟಿಗೇ ಬದಲಾಗುತ್ತದೆ. ಯಾರಾದರೂ "ನಮ್ಮಲ್ಲಿ ಥರ್ಡ್ ಪಾರ್ಟಿ ಕಡಿಮೆಗೆ ಮಾಡಿಸಿಕೊಡ್ತೇವೆ" ಎಂದರೆ ಅಲ್ಲಿಂದ ಎದ್ದು ಬಾ. ನಕಲಿ ಪಾಲಿಸಿ ಕೊಡುವವರು ಆಡುವ ಮಾತು ಅದು. ಇದಿಲ್ಲದೆ ರಸ್ತೆಗೆ ಇಳಿದು ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಇಲ್ಲವೇ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮತ್ತೆ ಸಿಕ್ಕಿದರೆ ದಂಡ 4,000. ದಂಡ ಹೋಗಲಿ ಬಿಡು. ಸಂತೆಯ ದಿನ ಯಾರಿಗಾದರೂ ನಿನ್ನ ಕಾರು ತಾಗಿ ಜೀವಕ್ಕೆ ಅಪಾಯವಾದರೆ ಆ ಮನೆಗೆ ಪರಿಹಾರ ಕೊಡುವುದು ಇದೇ ಪಾಲಿಸಿ. ಇಲ್ಲದಿದ್ದರೆ ಕೋರ್ಟು ಹೇಳಿದಷ್ಟನ್ನು ನಿನ್ನ ಅಪ್ಪ ತೋಟ ಮಾರಿ ಕಟ್ಟಬೇಕು.

ಆದರೆ ಥರ್ಡ್ ಪಾರ್ಟಿಯಲ್ಲಿ ನಿನ್ನ ಕಾರಿಗೆ ಒಂದು ಪೈಸೆಯೂ ಬರುವುದಿಲ್ಲ. 2018ರ ಆಗಸ್ಟ್ ನಿನಗೆ ನೆನಪಿರಬೇಕು, ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡಗಳು ಜಾರಿದ ವರ್ಷ. ನಮ್ಮ ಪರಿಚಯದವರೊಬ್ಬರ ಕಾರು ಮನೆಯ ಪಕ್ಕದ ಶೆಡ್ಡಿನಲ್ಲಿತ್ತು. ಮಣ್ಣು ಬಂದದ್ದೇ ಶೆಡ್ಡಿನ ಮೇಲೆ. ನಾವು ನೋಡಲು ಹೋದಾಗ ಕೆಂಪು ಕೆಸರಿನಿಂದ ಹೊರಗೆ ಕಾಣುತ್ತಿದ್ದದ್ದು ಹಿಂಬದಿಯ ಒಂದು ಚಕ್ರ ಮಾತ್ರ. ಜೀವ ಉಳಿಯಿತಲ್ಲ ಎಂದು ಅವರು ಸಮಾಧಾನ ಮಾಡಿಕೊಂಡರು. ಆದರೆ ಸಾಲದ ಕಂತು ಇನ್ನೂ ಎರಡು ವರ್ಷ ಬಾಕಿ ಇತ್ತು, ಪಾಲಿಸಿ ಬರೀ ಥರ್ಡ್ ಪಾರ್ಟಿ. ನಮ್ಮವರು ಫುಲ್ ಇನ್ಶೂರೆನ್ಸ್ ಎಂದು ಕರೆಯುವ ಪಾಲಿಸಿ ಇದ್ದಿದ್ದರೆ ಕಥೆ ಬೇರೆ ಇತ್ತು. ಅದರಲ್ಲಿ ಬೆಂಕಿ, ಕಳವು, ಅಪಘಾತದ ಜೊತೆಗೆ ಪ್ರವಾಹ, ಬಿರುಗಾಳಿ, ಭೂಕುಸಿತವೂ ಸೇರಿರುತ್ತದೆ. ಮರ ಬಿದ್ದರೂ, ಆನೆ ಕಾರಿಗೆ ಗುದ್ದಿದರೂ ಅದರಲ್ಲೇ ಕೇಳಬೇಕು. ಸುಂಟಿಕೊಪ್ಪ, ಸಿದ್ದಾಪುರದ ರಸ್ತೆಗಳಲ್ಲಿ ರಾತ್ರಿ ಓಡಾಡುವ ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಡಗಿನಲ್ಲಿದ್ದುಕೊಂಡು, ಇನ್ನೂ ಬೆಲೆಬಾಳುವ ಕಾರಿಗೆ ಬರೀ ಥರ್ಡ್ ಪಾರ್ಟಿ ಮಾಡಿಸುವುದು ಉಳಿತಾಯ ಅಲ್ಲ. ಹದಿನೈದು ವರ್ಷದ ಹಳೇ ಗಾಡಿ, ತೋಟಕ್ಕೂ ಮನೆಗೂ ಓಡಾಡಲು ಮಾತ್ರ ಎಂದಾದರೆ ಸರಿ.

ಹಾಗಾದರೆ ಉಳಿಸುವುದು ಎಲ್ಲಿ? ನಿನ್ನ ಸ್ವಂತ ಕಾರಿನ ಹಾನಿಯ ಭಾಗ ಇದೆಯಲ್ಲ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರುವುದು ಅದರಲ್ಲಿ. ಉಳಿತಾಯಕ್ಕೆ ಜಾಗ ಇರುವುದೂ ಅಲ್ಲೇ. ದುಬೈಯಲ್ಲಿರುವ ನಿನ್ನ ಭಾವ "ಹೊಸ ಡ್ರೈವರ್, ಚಿಕ್ಕ ವಯಸ್ಸು, ನಿನಗೆ ದುಪ್ಪಟ್ಟು ಹಾಕ್ತಾರೆ" ಎಂದು ಹೆದರಿಸಿದನಂತೆ. ಅದು ಆ ಕಡೆಯ ಲೆಕ್ಕ. ನಮ್ಮಲ್ಲಿ ಪಾಲಿಸಿ ಇರುವುದು ಗಾಡಿಗೆ. ಗಾಡಿಯ ಮಾದರಿ, ಸಿಸಿ, ವಯಸ್ಸು, ಬೆಲೆ, ಎಲ್ಲಿ ರಿಜಿಸ್ಟ್ರೇಷನ್ ಆಗಿದೆ ಎನ್ನುವುದನ್ನೇ ಮುಖ್ಯವಾಗಿ ನೋಡುತ್ತಾರೆ. ಬೆಂಗಳೂರಿನ ನಂಬರಿಗಿಂತ ನಮ್ಮ ಕೆಎ 12ಕ್ಕೆ ಸ್ವಲ್ಪ ಕಡಿಮೆಯೇ ಬರುತ್ತದೆ, ದೊಡ್ಡ ಎಂಟು ಊರುಗಳದ್ದು ಒಂದು ವಲಯ, ಉಳಿದ ದೇಶದ್ದೆಲ್ಲ ಇನ್ನೊಂದು. ಗಾಡಿಯನ್ನು ನೀನು ಓಡಿಸಬಹುದು, ನಿನ್ನ ಒಪ್ಪಿಗೆಯಿಂದ ಅಪ್ಪ ಓಡಿಸಬಹುದು, ಲೈಸೆನ್ಸ್ ಮಾತ್ರ ಚಾಲ್ತಿಯಲ್ಲಿರಬೇಕು.

ಆ ಲೈಸೆನ್ಸಿನ ವಿಷಯ ಅಪ್ಪನಿಗೂ ಹೇಳು. ನಮ್ಮ ವಯಸ್ಸಿನವರಿಗೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅವನದು ಪರ್ಸಿನಲ್ಲಿ ಮಡಚಿಟ್ಟಲ್ಲೇ ಇರುತ್ತದೆ, ದಿನಾಂಕ ನೋಡುವ ಅಭ್ಯಾಸವೇ ಇಲ್ಲ. ಅವಧಿ ಮುಗಿದ ಲೈಸೆನ್ಸ್ ಇಟ್ಟುಕೊಂಡು ಓಡಿಸಿ ಏನಾದರೂ ಆದರೆ ಕಂಪನಿ ಕೈ ಎತ್ತುತ್ತದೆ. ನಿನ್ನ ತಂಗಿ ಎಲ್‌ಎಲ್‌ಆರ್ ಮಾಡಿಸಿ ಕಲಿಯುತ್ತಿದ್ದಾಳಂತೆ. ಒಳ್ಳೆಯದು, ಕಲಿಯಲಿ. ಕಾರಿಗೆ ಕೆಂಪು ಎಲ್ ಹಾಕಿ, ಪಕ್ಕದಲ್ಲಿ ಲೈಸೆನ್ಸ್ ಇರುವ ನೀನು ಕೂತಿದ್ದರೆ ಪಾಲಿಸಿ ಅವಳಿಗೂ ನಡೆಯುತ್ತದೆ. ಒಬ್ಬಳನ್ನೇ ಗೇಟಿನವರೆಗೂ ಬಿಡಬೇಡ.

ಇನ್ನು ನಿನಗೆ ಎಲ್ಲಕ್ಕಿಂತ ತುರ್ತಾದದ್ದು. ಕಾರು ನಿನ್ನ ಮನೆಗೆ ಬಂದಿದೆ ನಿಜ, ಪಾಲಿಸಿ ಇನ್ನೂ ಹಳೇ ಮಾಲೀಕರ ಹೆಸರಿನಲ್ಲಿದೆ. ವರ್ಗಾವಣೆಯಾದ ಹದಿನಾಲ್ಕು ದಿನದೊಳಗೆ ಕಂಪನಿಗೆ ಬರೆದುಕೊಟ್ಟು ನಿನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆಗೇ ಬರುತ್ತದೆ. ಆದರೆ ಹೆಸರು ಬದಲಾಗದೆ ನಿನ್ನ ಕಾರು ಜಖಂ ಆದರೆ ನಿನಗೂ ಸಿಗುವುದಿಲ್ಲ, ಕಾರು ಮಾರಿದ ಅವರಿಗೂ ಸಿಗುವುದಿಲ್ಲ. ಮಡಿಕೇರಿ ಆರ್‌ಟಿಓ ಕಚೇರಿಗೆ ಆರ್‌ಸಿ ಕೆಲಸಕ್ಕೆ ಹೋಗುವ ದಿನವೇ ಇದನ್ನೂ ಮುಗಿಸು.

ಮಾರಿದವರು "ಶೇಕಡ 45 ಎನ್‌ಸಿಬಿ ಇದೆ, ನಿನಗೇ ಲಾಭ" ಎಂದರಂತೆ. ಆ ಎನ್‌ಸಿಬಿ ಅವರದ್ದು, ಕಾರಿನದ್ದಲ್ಲ. ನೋ ಕ್ಲೈಮ್ ಬೋನಸ್ ಎಂದು, ಕ್ಲೈಮ್ ಮಾಡದೆ ಓಡಿಸಿದವರಿಗೆ ಸಿಗುವ ರಿಯಾಯಿತಿ ಅದು. ಮೊದಲ ವರ್ಷಕ್ಕೆ ಶೇಕಡ 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಅವರು ಬೇಕಾದರೆ ಅದನ್ನು ತಮ್ಮ ಮುಂದಿನ ಕಾರಿಗೆ ಒಯ್ಯುತ್ತಾರೆ. ಪಾಲಿಸಿ ನಿನ್ನ ಹೆಸರಿಗೆ ಬರುವಾಗ ಉಳಿದ ತಿಂಗಳುಗಳ ರಿಯಾಯಿತಿಯ ಹಣವನ್ನು ಕಂಪನಿ ನಿನ್ನಿಂದ ಕಟ್ಟಿಸಿಕೊಳ್ಳುತ್ತದೆ. ನೀನು ಸೊನ್ನೆಯಿಂದ ಶುರು. ಆನ್‌ಲೈನಿನಲ್ಲಿ ಪಾಲಿಸಿ ಮಾಡುವಾಗ "ನಿಮ್ಮ ಎನ್‌ಸಿಬಿ ಎಷ್ಟು" ಎಂದು ಕೇಳುತ್ತದೆ, 50 ಎಂದು ಒತ್ತಿದರೆ ಮೊತ್ತ ಸರ್ರನೆ ಇಳಿಯುತ್ತದೆ. ಎಷ್ಟೋ ಹುಡುಗರು ಒತ್ತುತ್ತಾರೆ. ನೀನು ಒತ್ತಬೇಡ. ಕ್ಲೈಮ್ ಬಂದ ದಿನ ಕಂಪನಿ ಹಿಂದಿನ ಕಂಪನಿಯನ್ನು ಕೇಳುತ್ತದೆ, ಸುಳ್ಳು ಹೇಳಿದ್ದು ಅಲ್ಲಿ ಹೊರಬೀಳುತ್ತದೆ.

ಆ ರಿಯಾಯಿತಿ ಬೆಳೆಸುವುದು ಎಷ್ಟು ಕಷ್ಟ, ಕಳೆಯುವುದು ಎಷ್ಟು ಸುಲಭ ಎಂದು ನನ್ನನ್ನು ಕೇಳು. ನನಗೆ ಪೂರ್ತಿ ಶೇಕಡ 50 ಇತ್ತು. ನಿನ್ನ ಮಾವ ಮೈಸೂರಿನ ಆಸ್ಪತ್ರೆಯಲ್ಲಿದ್ದ ವರ್ಷ ಕಾರು ಇಲ್ಲೇ ಶೆಡ್ಡಿನಲ್ಲಿ ನಿಂತಿತ್ತು, ನಾನು ಅಲ್ಲಿ ವಾರ್ಡಿನ ಬೆಂಚಿನ ಮೇಲೆ. ವರ್ಷ ವರ್ಷ ನೆನಪಿಸುತ್ತಿದ್ದ ಏಜೆಂಟರು ಊರು ಬಿಟ್ಟು ಹೋಗಿದ್ದರು. ಪಾಲಿಸಿ ಮುಗಿದದ್ದು ನನಗೆ ತಿಳಿಯಲೇ ಇಲ್ಲ. ನಾಲ್ಕು ತಿಂಗಳು ಕಳೆದು ಮನೆಗೆ ಬಂದು ನೋಡುತ್ತೇನೆ, 90 ದಿನದ ಗಡುವು ದಾಟಿ ಹೋಗಿದೆ. ಅಷ್ಟರೊಳಗೆ ನವೀಕರಿಸಿದ್ದರೆ ರಿಯಾಯಿತಿ ಉಳಿಯುತ್ತಿತ್ತು. ಕಂಪನಿಯ ಹುಡುಗ ಬಂದು ಅಂಗಳದಲ್ಲಿ ಕಾರಿನ ನಾಲ್ಕೂ ಬದಿಯ ಫೋಟೋ ತೆಗೆದುಕೊಂಡು, "ಆಂಟಿ, ಎನ್‌ಸಿಬಿ ಜೀರೋ" ಎಂದ. ಐದು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದ್ದು ಹೋಯಿತು. ಆ ಹೊತ್ತಿನ ದುಃಖದಲ್ಲಿ ಅದೇನು ದೊಡ್ಡದಲ್ಲ, ಆದರೂ ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ನಿನ್ನ ಪಾಲಿಸಿ ಮುಗಿಯುವ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆದಿಡು, ಮೊಬೈಲನ್ನೇ ನಂಬಿ ಕೂರಬೇಡ.

ಸಣ್ಣಪುಟ್ಟದಕ್ಕೆ ಕ್ಲೈಮ್ ಮಾಡಬಾರದು ಎನ್ನುವುದೂ ಇದಕ್ಕೇ. ಒಂದು ಲೆಕ್ಕ ನೋಡು. ತಿರುವಿನಲ್ಲಿ ಬಂಪರ್ ಒಡೆಯಿತು ಅಂತಿಟ್ಟುಕೋ, ಹೊಸ ಬಂಪರಿಗೆ 4,000. ಕೂಲಿ, ಬಣ್ಣ ಪಕ್ಕಕ್ಕಿಡು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಂಪನಿ ಕೊಡುವುದು ಅರ್ಧ ಮಾತ್ರ, ಅಂದರೆ 2,000. ಅದರಲ್ಲಿ ನಿನ್ನ ಕಾರಿನ ಗಾತ್ರಕ್ಕೆ ಪ್ರತಿ ಕ್ಲೈಮಿನಲ್ಲೂ 1,000 ನೀನೇ ಹಾಕಬೇಕು. ಕೈಗೆ ಬಂದದ್ದು 1,000. ಸ್ವಂತ ಹಾನಿಯ ಪ್ರೀಮಿಯಂ 8,000 ಇದ್ದು ನಿನಗೆ ಶೇಕಡ 50 ಬರುವುದಿತ್ತು ಎಂದಾದರೆ ಮರುವರ್ಷ ಕಳೆದುಕೊಳ್ಳುವುದು 4,000. ಮತ್ತೆ 50ಕ್ಕೆ ಏರಲು ಇನ್ನೂ ಐದು ವರ್ಷ. ಕುಶಾಲನಗರದ ಗ್ಯಾರೇಜಿನಲ್ಲಿ ಕೈಯಿಂದ ಕೊಟ್ಟು ಮಾಡಿಸಿಕೋ, ದೊಡ್ಡದಕ್ಕೆ ಪಾಲಿಸಿ ಇರಲಿ.

ಆ ಅರ್ಧದ ಕಡಿತ ಇಲ್ಲದಂತೆ ಮಾಡುವುದೇ ಬಂಪರ್ ಟು ಬಂಪರ್ ಎನ್ನುವ ಹೆಚ್ಚುವರಿ ರಕ್ಷೆ. ಹೊಸದಾಗಿ ಕಾರು ಹಿಡಿದ ನಿನಗೆ ಮೊದಲ ಎರಡು ವರ್ಷ ಅದು ಇರಲಿ ಎಂದು ನನ್ನ ಅಭಿಪ್ರಾಯ. ಕಾರು ಹಳತಾದಂತೆ ಅದರ ದರ ಏರುತ್ತದೆ, ಕೆಲವರು ಐದು ವರ್ಷ ದಾಟಿದರೆ ಕೊಡುವುದೂ ಇಲ್ಲ, ಕೇಳಿ ನೋಡು. ಎಂಜಿನ್ನಿಗೆ ಬೇರೆ ರಕ್ಷೆ ಇದೆ. ಭಾಗಮಂಡಲ, ನಾಪೋಕ್ಲು ಕಡೆ ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ಹರಿಯುವಲ್ಲಿ ದಿನಾ ಓಡಾಡುವವರಿಗೆ ಅದು ಬೇಕೇ ಬೇಕು. ನೀರಿನಲ್ಲಿ ನಿಂತ ಕಾರಿಗೆ ಮತ್ತೆ ಕೀ ತಿರುಗಿಸಿದರೆ ಎಂಜಿನ್ ಒಳಗೆ ನೀರು ಎಳೆದುಕೊಂಡು ಒಡೆಯುತ್ತದೆ. ಸಾಮಾನ್ಯ ಪಾಲಿಸಿ ಅದನ್ನು ಪ್ರವಾಹದ ಹಾನಿ ಎಂದು ಒಪ್ಪುವುದಿಲ್ಲ. ನೀನು ಓಡಾಡುವುದು ಎತ್ತರದ ರಸ್ತೆ, ಆಲೋಚನೆ ಮಾಡಿ ತೀರ್ಮಾನಿಸು. ಆದರೆ ನೀರಿನಲ್ಲಿ ನಿಂತರೆ ಕೀ ಮುಟ್ಟಬೇಡ, ತಳ್ಳಿಸಿ ಹೊರಗೆ ತೆಗೆಸು.

ನನ್ನಂಥವರ ಉಳಿತಾಯದ ದಾರಿ ಬೇರೆ. ವಾರಕ್ಕೊಮ್ಮೆ ಸಂತೆ, ತಿಂಗಳಿಗೊಮ್ಮೆ ಕುಶಾಲನಗರ, ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ದಾಟಿದರೆ ಹೆಚ್ಚು. 2022ರ ಜುಲೈಯಲ್ಲಿ ವಿಮಾ ಪ್ರಾಧಿಕಾರ ಓಡಿಸಿದಷ್ಟಕ್ಕೆ ಪ್ರೀಮಿಯಂ ಕಟ್ಟುವ ಪದ್ಧತಿಗೆ ಒಪ್ಪಿಗೆ ಕೊಟ್ಟಿತು, ನಾನು ಅದಕ್ಕೆ ಸೇರಿಕೊಂಡೆ. ಮೀಟರಿನ ಫೋಟೋ ಕಳಿಸಿ ಇಂತಿಷ್ಟು ಕಿಲೋಮೀಟರ್ ಎಂದು ಹೇಳಬೇಕು. ಮಿತಿ ದಾಟುವ ಮೊದಲು ಹೆಚ್ಚು ಕಿಲೋಮೀಟರ್ ಕೊಂಡುಕೊಳ್ಳಬೇಕು, ಇಲ್ಲವಾದರೆ ಸ್ವಂತ ಕಾರಿನ ರಕ್ಷೆ ನಿಲ್ಲುತ್ತದೆ. ವಾರ ವಾರ ಓಡಾಡುವ ನಿನಗೆ ಅದು ಹೊಂದುವುದಿಲ್ಲ. "ಮೊದಲ 5,000 ನಾನೇ ಹಾಕುತ್ತೇನೆ" ಎಂದು ಬರೆದುಕೊಟ್ಟು ಪ್ರೀಮಿಯಂ ಇಳಿಸುವುದೂ ಉಂಟು, ಅದೂ ಕೈ ಪಳಗಿದವರಿಗೆ.

ನಿನಗೆ ಸುಲಭವಾಗಿ ಉಳಿಯುವುದು ಒಂದಿದೆ. ಮಾಲೀಕ ಓಡಿಸುವಾಗಿನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನಿನ್ನ ಬೈಕಿನ ಪಾಲಿಸಿಯಲ್ಲಿ ಈಗಾಗಲೇ ಇದ್ದರೆ ಕಾರಿಗೆ ಮತ್ತೆ ಕಟ್ಟಬೇಕಾಗಿಲ್ಲ, ಹಾಗೆಂದು ಬರೆದುಕೊಟ್ಟರೆ ಸಾಕು. ಆದರೆ ಬೈಕಿನಲ್ಲಿ ನಿಜವಾಗಿಯೂ ಇದೆಯೇ ಎಂದು ಮೊದಲು ಪಾಲಿಸಿ ತೆಗೆದು ಓದು.

ಬೇರೆ ಬೇರೆ ಕಡೆ ದರ ಕೇಳುವಾಗ ಐಡಿವಿ ಒಂದೇ ಇಟ್ಟು ಕೇಳು. ಕಾರು ಕಳವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಮೊತ್ತ ಅದು. ನಾಲ್ಕು ಲಕ್ಷದ ಕಾರನ್ನು ಮೂರು ಲಕ್ಷ ಎಂದು ಬರೆದು ಪ್ರೀಮಿಯಂ ಕಡಿಮೆ ಮಾಡಿ ತೋರಿಸುತ್ತಾರೆ. ಆ ಶೆಡ್ಡಿನ ಮೇಲೆ ಗುಡ್ಡ ಬಂದಂತೆ ಬಂದರೆ ಕೈಗೆ ಬರುವುದು ಮೂರೇ ಲಕ್ಷ. ಈಗಿನ ಕಂಪನಿ, ಒಂದು ಸರ್ಕಾರಿ ಕಂಪನಿ, ಆನ್‌ಲೈನ್ ಒಂದೆರಡು, ಇಷ್ಟು ಕೇಳಿದರೆ ಸಾಕು. ಹಣವನ್ನು ಕಂಪನಿಯ ಹೆಸರಿಗೇ ಕಟ್ಟು, ಯಾರ ಸ್ವಂತ ಖಾತೆಗೂ ಹಾಕಬೇಡ. ಪಾಲಿಸಿ ಬಂದ ಮೇಲೆ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ಪರೀಕ್ಷಿಸು.

ಕೊನೆಗೆ ಒಂದು ಮಾತು, ಇದನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ನಿನ್ನ ಚಿಕ್ಕಪ್ಪ ಹೋಂಸ್ಟೇ ನಡೆಸುತ್ತಾನೆ. ಅತಿಥಿಗಳನ್ನು ಮೈಸೂರಿನಿಂದ ಕರೆತರಲು "ನಿನ್ನ ಕಾರು ಕೊಡು, ಪೆಟ್ರೋಲ್ ಮೇಲೆ ಎರಡು ಸಾವಿರ ಕೊಡ್ತೇನೆ" ಎಂದು ಕೇಳಿಯೇ ಕೇಳುತ್ತಾನೆ. ಅವನು ಕೆಟ್ಟವನಲ್ಲ, ಊರಲ್ಲೆಲ್ಲ ಹೀಗೆ ನಡೆಯುತ್ತಿದೆ. ಆದರೆ ಬಿಳಿ ಬೋರ್ಡಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಆನೆಚೌಕೂರಿನ ರಸ್ತೆಯಲ್ಲೋ ಇನ್ನೆಲ್ಲೋ ಅಪಘಾತವಾಗಿ, "ನಾವು ದುಡ್ಡು ಕೊಟ್ಟು ಬಂದೆವು" ಎಂದು ಅತಿಥಿಗಳು ಪೊಲೀಸರ ಮುಂದೆ ಹೇಳಿದರೆ ನಿನ್ನ ಕಾರಿನ ಕ್ಲೈಮ್ ಅಲ್ಲಿಗೇ ಮುಗಿಯಿತು. ಗಾಯಗೊಂಡವರಿಗೆ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟು ಹೇಳುವುದುಂಟು. ಮಾಲೀಕ ನೀನು. ಚಿಕ್ಕಪ್ಪನಿಗೆ ಬೇಡ ಎನ್ನಲು ನಿನಗೆ ಸಂಕೋಚವಾದರೆ ನನ್ನ ಹೆಸರು ಹೇಳು. ಅತ್ತೆ ಬೇಡ ಅಂದಿದ್ದಾರೆ ಎನ್ನು. ಹಳದಿ ಬೋರ್ಡಿನ ಗಾಡಿಯವರನ್ನು ಕರೆಸಿಕೊಳ್ಳಲು ನಾನೇ ಅವನಿಗೆ ಹೇಳುತ್ತೇನೆ.

ಆಟಿ ಹದಿನೆಂಟಕ್ಕೆ ಬಾ. ಮದ್ದು ಸೊಪ್ಪಿನ ಪಾಯಸ ಮಾಡುತ್ತೇನೆ, ಕಣಿಲೆಯೂ ಇದೆ. ಬರುವಾಗ ಆರ್‌ಸಿ, ಹಳೇ ಪಾಲಿಸಿ, ಬೈಕಿನ ಪಾಲಿಸಿ ಮೂರನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಾ, ಇಬ್ಬರೂ ಕೂತು ಓದೋಣ. ಹೆಸರು ಬದಲಾವಣೆ ಅಷ್ಟರಲ್ಲಿ ಆಗಿರದಿದ್ದರೆ ಬಸ್ಸಿನಲ್ಲಿ ಬಾ.

ಇತಿ ನಿನ್ನ ಒಳ್ಳೆಯದನ್ನೇ ಬಯಸುವ
ಸೋದರತ್ತೆ